ಹಳೆಯ ನಕ್ಷೆಯ ಬಿಳಿ ಜಾಗ ಬೀಳು ಜಾಗವೇ?

ಮೇವಿನ ನೆಲ, ಹಳ್ಳ ಮತ್ತು ಕೆರೆಗಳ ಬಗ್ಗೆ ಸ್ಥಳಾಕೃತಿ ನಕ್ಷೆಗಳಿಂದ ತಿಳಿಯುವ ಸಂಗತಿಗಳು



ಮುಂಗಾರು ಬಿತ್ತನೆ ಮುಗಿದು ಹೊಲಗಳಲ್ಲಿ ಪೈರು ಮೇಲೇಳುತ್ತಿದ್ದಂತೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಅನೇಕ ಹಳ್ಳಿಗಳಲ್ಲಿ ಒಂದೇ ಬಗೆಯ ತಕರಾರು ಕೇಳಿಬರುತ್ತದೆ. ಕುರಿ ಹಿಂಡು ಹೊಲಕ್ಕೆ ನುಗ್ಗಿತು ಎಂದು ಹೊಲದವರು ದೂರುತ್ತಾರೆ. ಹಿಂಡು ಹೋಗಲು ದಾರಿಯೂ ಇಲ್ಲ, ಮೇಯಲು ಜಾಗವೂ ಇಲ್ಲ ಎಂದು ಕುರಿಗಾರರು ಹೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಹಾಗಾದರೆ ಈ ಭಾಗದ ಮೇವಿನ ನೆಲ ಮೊದಲು ಎಲ್ಲಿತ್ತು? ಹಿಂಡುಗಳು ಯಾವ ದಾರಿಯಲ್ಲಿ ಓಡಾಡುತ್ತಿದ್ದವು? ಮಳೆಯ ನೀರು ಯಾವ ಹಳ್ಳದಿಂದ ಯಾವ ಕೆರೆಗೆ ಬರುತ್ತಿತ್ತು? ಈ ಪ್ರಶ್ನೆಗಳಿಗೆ ಊರಿನ ಹಿರಿಯರ ನೆನಪಿನ ಜೊತೆಗೆ ಇನ್ನೊಂದು ಆಧಾರವೂ ಇದೆ. ಅದು ಹಳೆಯ ಸ್ಥಳಾಕೃತಿ ನಕ್ಷೆ, ಅಂದರೆ ಕಚೇರಿಗಳಲ್ಲಿ ಟೋಪೋಶೀಟ್ ಎಂದು ಕರೆಯುವ ಹಾಳೆ. ಈ ಹಾಳೆಗಳನ್ನು ರೈತರು ತಾವೇ ಓದುವುದು ಹೇಗೆ, ಅವುಗಳಿಂದ ಏನು ಪ್ರಯೋಜನ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎರಡು ಬಗೆಯ ನಕ್ಷೆಗಳು

ರೈತರಿಗೆ ಚೆನ್ನಾಗಿ ಪರಿಚಯವಿರುವುದು ಕಂದಾಯ ಇಲಾಖೆಯ ಗ್ರಾಮ ನಕ್ಷೆ. ಅದರಲ್ಲಿ ಸರ್ವೆ ನಂಬರುಗಳು ಮತ್ತು ಅವುಗಳ ಎಲ್ಲೆಗಳು ಇರುತ್ತವೆ. ಯಾವ ನೆಲ ಯಾವ ನಂಬರಿಗೆ ಸೇರಿದೆ ಎಂಬುದನ್ನು ತಿಳಿಸುವುದು ಅದರ ಕೆಲಸ. ಸ್ಥಳಾಕೃತಿ ನಕ್ಷೆಯ ಕೆಲಸ ಬೇರೆ. ನೆಲದ ಏರು ತಗ್ಗು, ಗುಡ್ಡ, ಹಳ್ಳ, ಕೆರೆ, ಬಾವಿ, ಬಂಡಿ ದಾರಿ, ಕಾಲುದಾರಿ, ಕಾಡು, ಸಾಗುವಳಿ ಇವು ನೆಲದ ಮೇಲೆ ಹೇಗಿದ್ದವೋ ಹಾಗೆ ಅದು ತೋರಿಸುತ್ತದೆ. ಈ ನಕ್ಷೆಗಳನ್ನು ತಯಾರಿಸುವ ಸಂಸ್ಥೆ 1767ರಲ್ಲಿ ಸ್ಥಾಪನೆಯಾದ ಭಾರತೀಯ ಸರ್ವೇಕ್ಷಣ ಇಲಾಖೆ, ಅಂದರೆ ಸರ್ವೆ ಆಫ್ ಇಂಡಿಯಾ.

ನಮ್ಮ ಈ ಐದು ತಾಲ್ಲೂಕುಗಳ ಅಳತೆಯ ಇತಿಹಾಸ ಹಳೆಯದು. 1800ರಲ್ಲಿ ಬಳ್ಳಾರಿ ಸೀಮೆ ನಿಜಾಮನಿಂದ ಕಂಪನಿ ಸರ್ಕಾರಕ್ಕೆ ಬಂದು ದತ್ತ ಮಂಡಲದ ಭಾಗವಾಯಿತು. ಅಲ್ಲಿ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ರೈತವಾರಿ ಕಂದಾಯಕ್ಕಾಗಿ ಹೊಲಗಳನ್ನು ಅಳೆಯಿಸಿದನು. ಅನಂತರ ಕಾಲಿನ್ ಮೆಕೆಂಜಿ ಇದೇ ಸೀಮೆಯ ಸ್ಥಳಾಕೃತಿ ಅಳತೆಯನ್ನು ನಡೆಸಿದನು. ಮುಂದೆ 20ನೇ ಶತಮಾನದಲ್ಲಿ ಮೈಲಿಗೆ ಒಂದು ಅಂಗುಲದ ಪ್ರಮಾಣದ ಬಣ್ಣದ ಹಾಳೆಗಳು ಬಂದವು. ದೇಶವು ಮೆಟ್ರಿಕ್ ಪದ್ಧತಿಗೆ ಬದಲಾದ ಮೇಲೆ 1:50,000 ಪ್ರಮಾಣದ ಹಾಳೆಗಳು ಅವುಗಳ ಸ್ಥಾನವನ್ನು ಪಡೆದವು. ಆದ್ದರಿಂದ ಒಂದೇ ಊರಿನ ಎರಡು ಕಾಲದ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಸಾಧ್ಯವಿದೆ. ಇಂದಿನ ಉಪಗ್ರಹ ಚಿತ್ರವನ್ನು ಸೇರಿಸಿಕೊಂಡರೆ ಮೂರು ಕಾಲದ ಚಿತ್ರ ದೊರೆಯುತ್ತದೆ.

ನಮ್ಮ ಭಾಗದ ಹಾಳೆಗಳು ಯಾವುವು?

ಹಾಳೆಗಳ ಹಳೆಯ ಸಂಖ್ಯೆಯನ್ನು ತಿಳಿದಿದ್ದರೆ ಹುಡುಕುವುದು ಸುಲಭ. 15 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 76 ಡಿಗ್ರಿ ಪೂರ್ವ ರೇಖಾಂಶಗಳು ಹಡಗಲಿ ಪಟ್ಟಣದ ಪೂರ್ವಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಒಂದನ್ನೊಂದು ದಾಟುತ್ತವೆ. ಹೀಗಾಗಿ ನಮ್ಮ ಐದು ಪಟ್ಟಣಗಳು ಒಂದೇ ಹಾಳೆಯಲ್ಲಿ ಸಿಗುವುದಿಲ್ಲ. ಐದು ಬೇರೆ ಬೇರೆ ಹಾಳೆಗಳಲ್ಲಿ ಹಂಚಿಹೋಗಿವೆ.

ಹೂವಿನ ಹಡಗಲಿ: 48 ಎಂ/16
ಹರಪನಹಳ್ಳಿ: 48 ಎನ್/13
ಹಗರಿಬೊಮ್ಮನಹಳ್ಳಿ: 57 ಎ/4
ಕೊಟ್ಟೂರು: 57 ಬಿ/1
ಕೂಡ್ಲಿಗಿ: 57 ಬಿ/5

ಇವು ಪಟ್ಟಣಗಳಿರುವ ಹಾಳೆಗಳು ಮಾತ್ರ. ತಾಲ್ಲೂಕಿನ ಉಳಿದ ಹಳ್ಳಿಗಳು ನೆರೆಯ ಹಾಳೆಗಳಲ್ಲಿ ಇರಬಹುದು. ಒಂದೊಂದು ಹಾಳೆಯೂ ಸುಮಾರು 27 ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಪ್ರದೇಶವನ್ನು ತೋರಿಸುತ್ತದೆ. ಹುಡುಕುವಾಗ ಹೆಸರಿನ ಬರಹದ ಕಡೆಗೂ ಗಮನವಿರಲಿ. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಹರಪನಹಳ್ಳಿಯನ್ನು 'ಹರ್ಪನಹಳ್ಳಿ' ಎಂದೂ ಹಡಗಲಿಯನ್ನು 'ಹಡಗಲ್ಲಿ' ಎಂದೂ ಬರೆದಿರುವುದುಂಟು. ಜಿಲ್ಲೆಯ ಹೆಸರೂ ಬದಲಾಗಿದೆ. 1953ರವರೆಗೆ ಈ ಸೀಮೆ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಿಂದ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಲ್ಲಿವೆ.

ಈಗ ಸರ್ವೆ ಆಫ್ ಇಂಡಿಯಾ ಸಂಸ್ಥೆಯು 1:50,000 ಪ್ರಮಾಣದ ಹೊಸ ಹಾಳೆಗಳನ್ನು ಅಂತರ್ಜಾಲದ ಮೂಲಕವೂ ಒದಗಿಸುತ್ತಿದೆ. ಇವುಗಳಿಗೆ 'ಡಿ 43' ಎಂದು ಆರಂಭವಾಗುವ ಹೊಸ ಸಂಖ್ಯೆಗಳಿವೆ. 1950ರ ದಶಕದಲ್ಲಿ ಅಮೆರಿಕದ ಸೇನಾ ನಕ್ಷಾ ವಿಭಾಗವು ಹಿಂದಿನ ಸರ್ವೆಗಳ ಆಧಾರದ ಮೇಲೆ ಮುದ್ರಿಸಿದ 1:2,50,000 ಪ್ರಮಾಣದ ಭಾರತದ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾನಿಲಯದ ಗ್ರಂಥಾಲಯವು ಎಲ್ಲರೂ ನೋಡುವಂತೆ ಅಂತರ್ಜಾಲದಲ್ಲಿ ಇಟ್ಟಿದೆ. ಅವುಗಳಲ್ಲಿ ಸಣ್ಣ ವಿವರಗಳು ಕಡಿಮೆ, ಆದರೆ ಮುಖ್ಯ ಹಳ್ಳ ಮತ್ತು ದಾರಿಗಳನ್ನು ಗುರುತಿಸಬಹುದು.

ಹಾಳೆಯನ್ನು ಓದುವ ಕ್ರಮ

ಮೊದಲು ಹಾಳೆಯ ಅಂಚನ್ನು ಓದಬೇಕು. ಅಳತೆ ನಡೆದ ವರ್ಷ ಮತ್ತು ಮುದ್ರಣವಾದ ವರ್ಷ ಅಲ್ಲಿರುತ್ತವೆ. ಇವೆರಡೂ ಒಂದೇ ಅಲ್ಲ. ನಮಗೆ ಬೇಕಾದುದು ಅಳತೆ ನಡೆದ ವರ್ಷ. ಕೆಳಭಾಗದಲ್ಲಿ ಚಿಹ್ನೆಗಳ ಪಟ್ಟಿ ಇರುತ್ತದೆ.

ಬಣ್ಣದ ಹಾಳೆಗಳಲ್ಲಿ ಸಾಗುವಳಿ ಭೂಮಿಗೆ ಹಳದಿ, ಮರಗಿಡಗಳಿರುವ ಪ್ರದೇಶಕ್ಕೆ ಹಸಿರು, ನೀರಿಗೆ ನೀಲಿ, ಊರು ಮತ್ತು ರಸ್ತೆಗಳಿಗೆ ಕೆಂಪು ಬಣ್ಣವಿದೆ. ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳಗಳನ್ನು ಕಪ್ಪು ಗೆರೆಗಳಿಂದ ತೋರಿಸಲಾಗುತ್ತದೆ. ನಮ್ಮ ಒಣ ಸೀಮೆಯ ಬಹುಪಾಲು ಹಳ್ಳಗಳು ಈ ಕಪ್ಪು ಗೆರೆಯ ಹಳ್ಳಗಳೇ. ಕಂದು ಬಣ್ಣದ ಸಪೂರ ಗೆರೆಗಳು ಸಮಪಾತಳಿ ಗೆರೆಗಳು. ಒಂದು ಗೆರೆಯ ಉದ್ದಕ್ಕೂ ನೆಲದ ಎತ್ತರ ಒಂದೇ ಇರುತ್ತದೆ. ಸಮಪಾತಳಿ ಬದು ಹಾಕಿಸಿದ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1:50,000 ಹಾಳೆಯಲ್ಲಿ ಸಾಮಾನ್ಯವಾಗಿ ಒಂದು ಗೆರೆಗೂ ಇನ್ನೊಂದಕ್ಕೂ 20 ಮೀಟರ್ ಎತ್ತರದ ಅಂತರವಿದೆ. ಗೆರೆಗಳು ಒತ್ತಾಗಿದ್ದರೆ ಇಳಿಜಾರು ಹೆಚ್ಚು, ದೂರ ದೂರವಿದ್ದರೆ ನೆಲ ಚಪ್ಪಟೆ. ಗೆರೆಗಳು ಮೊನಚಾಗಿ ಬಾಗಿ, ಮೊನೆಯು ಗುಡ್ಡದ ಕಡೆ ಮುಖಮಾಡಿದ್ದರೆ ಅಲ್ಲಿ ನೀರು ಹರಿಯುವ ಕೊರಕಲು ಇದೆ ಎಂದು ತಿಳಿಯಬೇಕು. ಹಾಳೆಯಲ್ಲಿ ಹಳ್ಳವನ್ನು ಬರೆಯದಿದ್ದರೂ ಈ ಬಾಗು ಅದನ್ನು ಹೇಳುತ್ತದೆ.

ಹಳದಿ, ಹಸಿರು, ನೀಲಿ ಯಾವುದೂ ಇಲ್ಲದೆ ಖಾಲಿ ಬಿಟ್ಟ ಭಾಗವೇ ಬಿಳಿ ಜಾಗ. ಸಾಗುವಳಿಯಾಗದ ನೆಲ ಎಂಬುದು ಅದರ ಅರ್ಥ. ಗುಡ್ಡದ ಬುಡ, ಕಲ್ಲು ಮೊರಡಿ, ಹಳ್ಳದ ಇಕ್ಕೆಲ, ಕೆರೆಯ ಮೇಲ್ಭಾಗದ ತೆಳು ಮಣ್ಣಿನ ನೆಲ ಇವು ಸಾಮಾನ್ಯವಾಗಿ ಹೀಗೆ ಬಿಳಿಯಾಗಿ ಕಾಣುತ್ತವೆ.

ಬಿಳಿ ಎಂದರೆ ಬೀಳಲ್ಲ

ಈ ಲೇಖನದ ಮುಖ್ಯ ಮಾತು ಇದು. ನಕ್ಷೆ ಬರೆದವರು ಸಾಗುವಳಿಯನ್ನು ಒಂದು ಉಪಯೋಗವೆಂದು ಗುರುತಿಸಿ ಬಣ್ಣ ಹಚ್ಚಿದರು. ಕಾಡನ್ನು ಗುರುತಿಸಿ ಬಣ್ಣ ಹಚ್ಚಿದರು. ಆದರೆ ದನ, ಕುರಿ ಮೇಯುವುದನ್ನು ಒಂದು ಉಪಯೋಗವೆಂದು ಎಣಿಸಿ ಅದಕ್ಕೆ ಬಣ್ಣ ಕೊಡಲಿಲ್ಲ. ಕಂದಾಯದ ಲೆಕ್ಕದಲ್ಲಿಯೂ ಆದಾಯ ತರದ ನೆಲ ಬಂಜರು, ಬೀಳು, ಪೊರಂಬೋಕು ಎಂದೇ ದಾಖಲಾಯಿತು. ಬರವರ್ಷ ಬರುತ್ತಾ ಹೋದಂತೆ 'ಬೀಳು' ಎಂದರೆ ಯಾರಿಗೂ ಬೇಡವಾದ ನೆಲ ಎಂಬ ಭಾವನೆ ಬಲವಾಯಿತು. ಯಾವುದಾದರೂ ಕೆಲಸಕ್ಕೆ ಜಾಗ ಬೇಕಾದಾಗ ಮೊದಲು ಕಣ್ಣು ಬೀಳುವುದು ಇಂಥ ನೆಲದ ಮೇಲೆಯೇ.

ನಿಜವಾಗಿ ಆ ನೆಲ ಖಾಲಿ ಇರಲಿಲ್ಲ ಎಂಬುದಕ್ಕೆ ಅದೇ ಹಾಳೆಯಲ್ಲಿ ಸಾಕ್ಷಿಗಳಿವೆ. ಮೊದಲನೆಯದು ಊರುಗಳ ಹೆಸರು. 'ಹಟ್ಟಿ' ಎಂಬ ಮಾತಿಗೆ ದನ, ಕುರಿ ಕೂಡುವ ದೊಡ್ಡಿ ಎಂಬ ಅರ್ಥವಿದೆ. ಗೊಲ್ಲರಹಟ್ಟಿ, ಕುರುಬರಹಟ್ಟಿ ಎಂಬಂಥ ಹೆಸರುಗಳು ಪಶುಪಾಲಕರ ನೆಲೆಗಳನ್ನು ತಿಳಿಸುತ್ತವೆ. ಲಂಬಾಣಿ ತಾಂಡಾಗಳೂ ಅನೇಕ ಕಡೆ ಸಾಗುವಳಿಯ ಅಂಚಿನಲ್ಲಿಯೇ ಇವೆ. ಎರಡನೆಯದು ದಾರಿಗಳು. ಹಟ್ಟಿಯಿಂದ ಹೊರಟ ಕಾಲುದಾರಿ ಬಿಳಿ ಜಾಗವನ್ನು ಹಾದು ಹಳ್ಳಕ್ಕೋ ಕೆರೆಗೋ ತಲುಪಿದ್ದರೆ ಅದು ಹಿಂಡು ಮೇಯುತ್ತಾ ನೀರಿಗೆ ಹೋಗುತ್ತಿದ್ದ ದಾರಿ ಇರುವ ಸಂಭವ ಹೆಚ್ಚು. ಮೂರನೆಯದು ಜಾತ್ರೆಯ ಸ್ಥಳಗಳು. ಹಡಗಲಿ ತಾಲ್ಲೂಕಿನ ಮೈಲಾರ ಮತ್ತು ಕುರುವತ್ತಿ ತುಂಗಭದ್ರೆಯ ದಂಡೆಯಲ್ಲಿವೆ. ಮೈಲಾರಲಿಂಗ ಕುರುಬರು ಭಕ್ತಿಯಿಂದ ನಡೆದುಕೊಳ್ಳುವ ದೇವರು. ಕುರುವತ್ತಿಯ ಜಾತ್ರೆ ದನಗಳ ಜಾತ್ರೆಗೆ ಹೆಸರಾದುದು. ಇಂಥ ಊರುಗಳ ಕಡೆಗೆ ಕೂಡಿಬರುವ ಹಳೆಯ ಬಂಡಿ ದಾರಿಗಳನ್ನು ಗುರುತಿಸುತ್ತಾ ಹೋದರೆ ದನಕರುಗಳ ಓಡಾಟದ ದೊಡ್ಡ ಚಿತ್ರ ಮೂಡುತ್ತದೆ.

ಈ ಸೀಮೆಗೆ ತನ್ನದೇ ಹೆಸರಿನ ಬಳ್ಳಾರಿ ಕುರಿ ತಳಿಯಿದೆ. ವರ್ಷಕ್ಕೆ ಸುಮಾರು 500ರಿಂದ 650 ಮಿಲಿಮೀಟರ್ ಮಳೆ ಬೀಳುವ, ಕೆಂಪು ಮಸಾರಿ ಮತ್ತು ಕಲ್ಲು ನೆಲ ಹೆಚ್ಚಾಗಿರುವ ಪ್ರದೇಶದಲ್ಲಿ ಕುರಿ ಸಾಕಣೆ ಬೇಸಾಯದ ಜೊತೆಗೂಡಿಯೇ ಬೆಳೆದಿದೆ. ಮಳೆಗಾಲದಲ್ಲಿ ಹಿಂಡು ಬಿಳಿ ಜಾಗದಲ್ಲಿ ಮೇಯುತ್ತಿತ್ತು. ಸುಗ್ಗಿಯ ನಂತರ ಕೊಯ್ಲಾದ ಹೊಲಗಳಿಗೆ ಇಳಿದು ರಾತ್ರಿ ಅಲ್ಲಿಯೇ ತಂಗಿ ಗೊಬ್ಬರ ಕೊಡುತ್ತಿತ್ತು. ಕುರಿಯ ಗೊಬ್ಬರದಲ್ಲಿ ಸುಮಾರು ಶೇಕಡ 3 ಸಾರಜನಕ, 1 ರಂಜಕ ಮತ್ತು 2 ಪೊಟ್ಯಾಷ್ ಇರುತ್ತವೆ. ಸಾಮಾನ್ಯ ಕೊಟ್ಟಿಗೆ ಗೊಬ್ಬರಕ್ಕಿಂತ ಇದು ಬಹಳ ಮೇಲು. ಅಂದಮೇಲೆ ನಕ್ಷೆಯ ಬಿಳಿ ಜಾಗದಲ್ಲಿ ಬೆಳೆದ ಹುಲ್ಲಿನ ಸಾರವು ಕುರಿಯ ಮೂಲಕ ಹಳದಿ ಜಾಗದ ಜೋಳಕ್ಕೆ, ನವಣೆಗೆ ಬರುತ್ತಿತ್ತು. ಬಿಳಿಯೂ ಹಳದಿಯೂ ಒಂದೇ ಒಕ್ಕಲುತನದ ಎರಡು ಭಾಗಗಳಾಗಿದ್ದವು.

ಹಳ್ಳ ಮತ್ತು ಕೆರೆಗಳ ಲೆಕ್ಕ

ಬಿಳಿ ಜಾಗಕ್ಕೆ ಇನ್ನೊಂದು ಕೆಲಸವೂ ಇತ್ತು. ಕೆರೆಯ ಏರಿಯನ್ನು ಹಾಳೆಯಲ್ಲಿ ಗುರುತಿಸಿ, ಅಲ್ಲಿಂದ ಹಳ್ಳದ ಗೆರೆಯನ್ನು ಹಿಡಿದು ಮೇಲಕ್ಕೆ ಹೋಗಿರಿ. ಕವಲುಗಳು ಮುಗಿಯುವ ತುದಿ ಸಾಮಾನ್ಯವಾಗಿ ಗುಡ್ಡದ ಬುಡದ ಬಿಳಿ ಅಥವಾ ಹಸಿರು ಜಾಗದಲ್ಲಿರುತ್ತದೆ. ಅದೇ ಆ ಕೆರೆಯ ಜಲಾನಯನ. ಅಲ್ಲಿ ಹುಲ್ಲು ಇದ್ದಾಗ ಮಳೆಯ ನೀರು ನಿಧಾನವಾಗಿ ಇಳಿದು, ಹೂಳನ್ನು ಕಡಿಮೆ ತಂದು, ಕೆರೆಯನ್ನು ತುಂಬಿಸುತ್ತದೆ. ಅದೇ ಇಳಿಜಾರನ್ನು ಮೇಲಿನಿಂದ ಕೆಳಕ್ಕೆ ಉತ್ತು ಮೆಕ್ಕೆಜೋಳ ಬಿತ್ತಿದರೆ ಮಣ್ಣು ಕೊಚ್ಚಿ ಕೆರೆಗೆ ಬರುತ್ತದೆ. ಹಳ್ಳವನ್ನೇ ಮುಚ್ಚಿ ಹೊಲ ಮಾಡಿದರೆ ನೀರು ಬರುವುದೇ ನಿಲ್ಲುತ್ತದೆ, ಇಲ್ಲವೆ ಜೋರು ಮಳೆಯಲ್ಲಿ ಬದು ಒಡೆದುಕೊಂಡು ಬೇರೆ ದಾರಿ ಹಿಡಿಯುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಏತ ನೀರಾವರಿಯಿಂದ ಕೆರೆ ತುಂಬಿಸುವ ಯೋಜನೆಗಳು ನಮ್ಮ ಭಾಗಕ್ಕೆ ಬಂದಿವೆ. ಅವು ಸ್ವಾಗತಾರ್ಹ. ಆದರೆ ಕೊಳವೆಯಲ್ಲಿ ಬರುವ ನೀರಿಗೆ ವಿದ್ಯುತ್ತಿನ ಖರ್ಚು ಇದೆ. ಹಳ್ಳದಲ್ಲಿ ಬರುವ ಮಳೆ ನೀರಿಗೆ ಇಲ್ಲ. ಮುಚ್ಚಿಹೋದ ಹಳ್ಳದ ಜಾಡನ್ನು ಹಳೆಯ ಹಾಳೆಯಿಂದ ಪತ್ತೆ ಮಾಡಿ ತೆರೆದರೆ ಎರಡೂ ನೀರು ಕೆರೆಗೆ ಒದಗುತ್ತವೆ.

ಹಾಳೆಗಳಲ್ಲಿ ಕಾಣುವ ಅತಿ ದೊಡ್ಡ ಬದಲಾವಣೆ ತುಂಗಭದ್ರಾ ಜಲಾಶಯದ್ದು. 1953ಕ್ಕಿಂತ ಹಿಂದಿನ ಅಳತೆಯ ಹಾಳೆಗಳಲ್ಲಿ ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ನದಿ ಬಯಲಿನಲ್ಲಿ ಊರುಗಳು, ಹೊಲಗಳು, ದಾರಿಗಳು ಇವೆ. ನಂತರದ ಹಾಳೆಗಳಲ್ಲಿ ಅವು ನೀಲಿಯ ಅಡಿಯಲ್ಲಿ ಹೋಗಿವೆ. ತುಂಬಿದಾಗ ಈ ಜಲಾಶಯದ ಹರವು ಸುಮಾರು 378 ಚದರ ಕಿಲೋಮೀಟರ್. ಮುಳುಗಡೆಯಾದ ಊರುಗಳ ಜನ ಮೇಲಿನ ನೆಲಕ್ಕೆ ಬಂದು ನೆಲೆಸಬೇಕಾಯಿತು. ಮೇಲಿನ ಬಿಳಿ ಜಾಗದ ಮೇಲೆ ಒತ್ತಡ ಹೆಚ್ಚಲು ಇದೂ ಒಂದು ಕಾರಣವೆಂಬುದನ್ನು ಮರೆಯಬಾರದು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹೊರಬೀಳುವ ನೆಲದಲ್ಲಿ ಈಗ ಹಿಂಡುಗಳು ಮೇಯುತ್ತವೆ. ಆದರೆ ಮಳೆಗಾಲದಲ್ಲಿ, ಅಂದರೆ ಮೇವಿನ ನೆಲ ನಿಜವಾಗಿ ಬೇಕಾದ ಕಾಲದಲ್ಲಿ, ಅದು ನೀರಿನಲ್ಲಿರುತ್ತದೆ.

ನೆರೆಯ ಸೀಮೆಯ ಪಾಠ

ಕೂಡ್ಲಿಗಿಯ ದಕ್ಷಿಣಕ್ಕೆ ಚಿತ್ರದುರ್ಗ ಜಿಲ್ಲೆಯಲ್ಲಿ ಸ್ಥಿತಿ ಬೇರೆಯಾಗಿತ್ತು. ಅದು ಮೈಸೂರು ಸಂಸ್ಥಾನದ ಸೀಮೆ. ಅಲ್ಲಿ ಅಮೃತ ಮಹಲ್ ದನಗಳಿಗಾಗಿ ಕಾವಲುಗಳನ್ನು ಗುರುತಿಸಿ, ಹೆಸರಿಟ್ಟು, ಎಲ್ಲೆ ಹಾಕಿ ದಾಖಲು ಮಾಡಿದ್ದರು. ಮದರಾಸಿನ ಆಡಳಿತದಲ್ಲಿದ್ದ ನಮ್ಮ ತಾಲ್ಲೂಕುಗಳ ಮೇವಿನ ನೆಲಕ್ಕೆ ಅಂಥ ಹೆಸರು ದೊರೆಯಲಿಲ್ಲ. ಆದರೆ ಹೆಸರಿದ್ದ ಮಾತ್ರಕ್ಕೆ ನೆಲ ಉಳಿಯುವುದಿಲ್ಲ ಎಂಬುದನ್ನೂ ಅದೇ ಸೀಮೆ ತೋರಿಸಿದೆ. ಚಳ್ಳಕೆರೆ ತಾಲ್ಲೂಕಿನ ಕಾವಲುಗಳ ಸಾವಿರಾರು ಎಕರೆ ಹುಲ್ಲುಗಾವಲನ್ನು 2008ರ ನಂತರ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಡಲಾಯಿತು. ಸುತ್ತಲಿನ ಹಳ್ಳಿಗಳ ಕುರಿಗಾರರು, ರೈತರು ತಮ್ಮ ಮೇವಿನ ನೆಲ ಹೋಯಿತೆಂದು ಪ್ರತಿಭಟಿಸಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಪೀಠದವರೆಗೆ ಹೋಯಿತು. ದಾಖಲೆಯ ಜೊತೆಗೆ ಆ ನೆಲವನ್ನು ಬಳಸುವವರ ಎಚ್ಚರವೂ ಬೇಕು, ಅದೂ ನೆಲ ಕೈಬಿಡುವ ಮೊದಲೇ ಬೇಕು ಎಂಬುದು ಇದರಿಂದ ಕಲಿಯಬೇಕಾದ ಪಾಠ.

ನಕ್ಷೆಯ ಮಿತಿಗಳು

ಹಳೆಯ ಹಾಳೆಯನ್ನು ಹಿಡಿದು ಜಗಳಕ್ಕೆ ಹೋಗುವ ಮೊದಲು ಕೆಲವು ಸಂಗತಿಗಳನ್ನು ತಿಳಿದಿರಬೇಕು.

1. ಸ್ಥಳಾಕೃತಿ ನಕ್ಷೆಯು ಒಡೆತನದ ದಾಖಲೆಯಲ್ಲ. ಒಂದು ಜಾಗ ಬಿಳಿಯಾಗಿದೆ ಎಂದ ಮಾತ್ರಕ್ಕೆ ಅದು ಗೋಮಾಳವಾಗುವುದಿಲ್ಲ. ಅದು ಯಾರದೋ ಪಟ್ಟಾ ಜಮೀನು ಆಗಿದ್ದು ಆ ವರ್ಷ ಬಿತ್ತದೆ ಬಿಟ್ಟಿರಬಹುದು. ಒಡೆತನಕ್ಕೆ ಗ್ರಾಮ ನಕ್ಷೆ, ಆಕಾರಬಂದ್, ಪಹಣಿ ಮತ್ತು ಹಳೆಯ ಸೆಟ್ಲ್‌ಮೆಂಟ್ ದಾಖಲೆಗಳನ್ನೇ ನೋಡಬೇಕು.

2. ಅಳತೆ ನಡೆದ ಕಾಲ ಮುಖ್ಯ. ಬೇಸಿಗೆಯಲ್ಲಿ ಅಥವಾ ಬರಗಾಲದ ನಂತರ ಅಳತೆ ಮಾಡಿದ್ದರೆ ಬೀಳು ಹೆಚ್ಚಾಗಿ ಕಾಣಬಹುದು.

3. ಹಳೆಯ ಹಾಳೆಗಳ ಅಕ್ಷಾಂಶ, ರೇಖಾಂಶಗಳ ಆಧಾರ ಬೇರೆ. ಇಂದಿನ ಮೊಬೈಲಿನ ಆಧಾರ ಬೇರೆ. ಎರಡಕ್ಕೂ ನೂರಾರು ಅಡಿಗಳ ವ್ಯತ್ಯಾಸ ಬರುತ್ತದೆ. ಆದ್ದರಿಂದ ದೇವಸ್ಥಾನ, ಕೆರೆಯ ಏರಿ, ಗುಡ್ಡದ ತುದಿಯಂಥ ಅಲುಗದ ಗುರುತುಗಳಿಂದ ಹೊಂದಿಸಿಕೊಳ್ಳಬೇಕು. ಬದುವಿನ ತಕರಾರನ್ನು ಈ ಹಾಳೆಯಿಂದ ತೀರ್ಮಾನಿಸಲಾಗದು.

4. ಹಾಳೆಯ ಕುರುಚಲು ಕಾಡೆಲ್ಲವೂ ಇಂದಿನ ಬಳ್ಳಾರಿ ಜಾಲಿಯ ಮೆಳೆಯಲ್ಲ. ಹೆಸರು ನಮ್ಮದಾದರೂ ಈ ಗಿಡ ಹೊರದೇಶದಿಂದ ಬಂದದ್ದು. ಹಿಂದಿನ ಕುರುಚಲಿನಲ್ಲಿ ಕಾರೆ, ಬಾರೆ, ಕಮರ, ತಂಗಡಿಯಂಥ ಗಿಡಗಳೂ ನಡುವೆ ಹುಲ್ಲೂ ಇರುತ್ತಿದ್ದವು. ಜಾಲಿಯ ಮೆಳೆ ಒತ್ತಾದ ಕಡೆ ಹುಲ್ಲು ಏಳುವುದಿಲ್ಲ.

ಇನ್ನೂ ಒಂದು ಮಾತು. ಅಂದಿನ ಬಿಳಿ ಜಾಗದಲ್ಲಿ ಇಂದು ಉಳುತ್ತಿರುವವರಲ್ಲಿ ಅನೇಕರು ಭೂಹೀನರಾಗಿದ್ದವರು. ಕೆಲವರಿಗೆ ಕ್ರಮಬದ್ಧವಾಗಿ ಮಂಜೂರಾತಿ ದೊರೆತಿದೆ. ಇನ್ನು ಕೆಲವರ ಬಗರ್ ಹುಕುಂ ಅರ್ಜಿಗಳು ಕಚೇರಿಗಳಲ್ಲಿವೆ. ಅವರನ್ನು ಎಬ್ಬಿಸುವುದಕ್ಕಾಗಿ ಈ ಲೇಖನವನ್ನು ಬರೆದಿಲ್ಲ. ಉಳಿದಿರುವ ಮೇವಿನ ನೆಲ, ಹಳ್ಳ ಮತ್ತು ದಾರಿಗಳು ಇನ್ನು ಮುಂದೆಯಾದರೂ ಗೊತ್ತಿಲ್ಲದೆ ಕೈಬಿಟ್ಟು ಹೋಗದಿರಲಿ ಎಂಬುದೇ ಉದ್ದೇಶ.

ಊರಿನಲ್ಲಿ ಮಾಡಬಹುದಾದ ಕೆಲಸ

1. ಊರಿನ ಹಳೆಯ ಮತ್ತು ಹೊಸ ಹಾಳೆಗಳನ್ನು ದೊರಕಿಸಿಕೊಂಡು ಒಂದೇ ಪ್ರಮಾಣಕ್ಕೆ ದೊಡ್ಡದು ಮಾಡಿಸಿ ಪಂಚಾಯಿತಿ ಕಟ್ಟಡದಲ್ಲಿ ಹಾಕಿರಿ.

2. ಹಿರಿಯ ಕುರಿಗಾರರು, ನೀರುಗಂಟಿಗಳು ಮತ್ತು ಮೇವು, ಸೌದೆಗೆ ಓಡಾಡಿದ ಹಿರಿಯ ಹೆಣ್ಣುಮಕ್ಕಳನ್ನು ಕೂಡಿಸಿ ನೀರಿನ ತಾಣ, ಹಿಂಡಿನ ದಾರಿ, ಹುಲ್ಲಿನ ಜಾಗಗಳನ್ನು ಗುರುತು ಮಾಡಿಸಿರಿ. ನಕ್ಷೆ ಬಿಟ್ಟದ್ದನ್ನು ಇವರ ನೆನಪು ತುಂಬುತ್ತದೆ.

3. ಬಿಳಿ ಜಾಗದ ವಿಸ್ತೀರ್ಣವನ್ನು ಗ್ರಾಫ್ ಕಾಗದದಿಂದ ಅಳೆಯಿರಿ. 1:50,000 ಹಾಳೆಯಲ್ಲಿ 1 ಚದರ ಸೆಂಟಿಮೀಟರ್ ಎಂದರೆ 25 ಹೆಕ್ಟೇರ್, ಅಂದರೆ ಸುಮಾರು 62 ಎಕರೆ. ಮೈಲಿಗೆ ಒಂದು ಅಂಗುಲದ ಹಾಳೆಯಲ್ಲಿ 1 ಚದರ ಅಂಗುಲ ಎಂದರೆ 640 ಎಕರೆ.

4. ಗೋಮಾಳದ ಲೆಕ್ಕವನ್ನು ಹೋಲಿಸಿರಿ. ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೇ ನಿಯಮದಂತೆ 100 ದನಗಳಿಗೆ 12 ಹೆಕ್ಟೇರ್ ಉಚಿತ ಹುಲ್ಲುಗಾವಲು ಇರಬೇಕು. ಊರಿನಲ್ಲಿ 400 ದನಗಳಿದ್ದರೆ 48 ಹೆಕ್ಟೇರ್ ಆಗುತ್ತದೆ. ಇದು ಹಾಳೆಯ ಮೇಲೆ 2 ಚದರ ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ ಜಾಗ.

5. ಹಾಳೆಯಲ್ಲಿ ಕಂಡ ಜಾಗ ಯಾವ ಸರ್ವೆ ನಂಬರಿಗೆ ಸೇರುತ್ತದೆ ಎಂಬುದನ್ನು 'ದಿಶಾಂಕ್' ಮೊಬೈಲ್ ಸಾಧನದಿಂದ ಅಂದಾಜು ಮಾಡಿ, ನಂತರ ತಾಲ್ಲೂಕು ಕಚೇರಿಯ ದಾಖಲೆಗಳಿಂದ ಖಚಿತಪಡಿಸಿಕೊಳ್ಳಿರಿ. ಸಾಮೂಹಿಕ ಬಳಕೆಯ ಭೂಮಿಯ ಒತ್ತುವರಿ ತೆರವು ಮಾಡಲು ರಾಜ್ಯಗಳು ಯೋಜನೆ ರೂಪಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಆದೇಶಿಸಿದೆ. ದಾಖಲೆ ಸರಿಯಾಗಿದ್ದರೆ ಗ್ರಾಮಸಭೆಯ ಮಾತಿಗೆ ಬಲ ಬರುತ್ತದೆ.

6. ಉಳಿದ ಹುಲ್ಲುಗಾವಲನ್ನು ನಾಲ್ಕು ಭಾಗ ಮಾಡಿ ಸರದಿಯ ಮೇಲೆ ಮೇಯಿಸಿರಿ. ಪ್ರತಿ ವರ್ಷ ಒಂದು ಭಾಗವನ್ನು ಹುಲ್ಲು ಬೀಜ ಉದುರುವವರೆಗೆ ಬಿಡಬೇಕು. ಬಳ್ಳಾರಿ ಜಾಲಿಯನ್ನು ಬೇರು ಸಹಿತ ತೆಗೆದು, ಸಮಪಾತಳಿಗೆ ಸರಿಯಾಗಿ ಸಣ್ಣ ಕಂದಕಗಳನ್ನು ತೋಡಿ, ಮೊದಲ ಹದ ಮಳೆಗೆ ಅಂಜನ ಹುಲ್ಲು ಮತ್ತು ಸ್ಟೈಲೋ ಬೀಜಗಳನ್ನು ಚೆಲ್ಲಬೇಕು.

7. ಹೊಸ ಕಾಲುವೆ, ರಸ್ತೆ, ಗಾಳಿಯಂತ್ರ ಅಥವಾ ಸೌರಫಲಕಗಳ ಕೆಲಸ ಬಂದಾಗ ಹಿಂಡಿನ ದಾರಿ ಮತ್ತು ಹಳ್ಳಗಳನ್ನು ಗುರುತಿಸಿದ ನಕ್ಷೆಯನ್ನು ಮೊದಲೇ ಅಧಿಕಾರಿಗಳ ಮುಂದಿಡಿರಿ. ಕಾಲುವೆ ತೋಡಿದ ಮೇಲೆ ಸೇತುವೆ ಕೇಳುವುದಕ್ಕಿಂತ ತೋಡುವ ಮೊದಲು ಕೇಳುವುದು ಸುಲಭ.

ಕೊನೆಯದಾಗಿ, ಹಿಂಡಿಗೆ ಒಂದು ದಾರಿ, ಹಳ್ಳಕ್ಕೆ ಒಂದು ಜಾಡು ಬಿಟ್ಟುಕೊಟ್ಟ ರೈತನಿಗೆ ನಷ್ಟವಾಗುವುದಿಲ್ಲ. ಕೆರೆಯಲ್ಲಿ ನೀರು ನಿಂತರೆ ಅವನ ಬಾವಿಯಲ್ಲಿಯೂ ನೀರು ನಿಲ್ಲುತ್ತದೆ. ಊರಿನಲ್ಲಿ ಕುರಿ ಉಳಿದರೆ ಅವನ ಹೊಲಕ್ಕೆ ಗೊಬ್ಬರ ಬರುತ್ತದೆ. ಮುಂದಿನ ಸಲ ನಕ್ಷೆಯಲ್ಲಿ ಬಿಳಿ ಜಾಗ ಕಂಡಾಗ ಅದನ್ನು ಖಾಲಿ ಎನ್ನುವ ಮೊದಲು, ಅಲ್ಲಿ ಯಾರು ಮೇಯಿಸುತ್ತಿದ್ದರು, ಅಲ್ಲಿಂದ ನೀರು ಎಲ್ಲಿಗೆ ಹೋಗುತ್ತಿತ್ತು ಎಂದು ಊರಿನ ಹಿರಿಯರನ್ನು ಒಮ್ಮೆ ಕೇಳಿರಿ.